ಟಿವಿಯಲ್ಲಿ ಮನೆ ಫೋಟೋ: ಸರ್ವರ್ ಇದೆ, ಫೋಟೋನೂ ಇವೆ, ಬೇಕಾದದ್ದು ಮಾತ್ರ ಸಿಗುತ್ತಿಲ್ಲ

ಉಣಕಲ್_ದಂಡೆ
ಹುಬ್ಬಳ್ಳಿಯಲ್ಲಿ ಮನೆ. ಹಳೇ ಡೆಸ್ಕ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿ, ಮನೆಯ ಫೈಲುಗಳನ್ನು ಟಿವಿಗೆ ಕಳಿಸುವ ಜೆಲ್ಲಿಫಿನ್ ಸರ್ವರ್ ಓಡಿಸುತ್ತಿದ್ದೇನೆ. ಸಿನಿಮಾ, ನಾಟಕ, ಭಜನೆ ಎಲ್ಲ ಟಿವಿಯಲ್ಲಿ ಚೆನ್ನಾಗಿ ಬರುತ್ತವೆ. ತಲೆನೋವು ಫೋಟೋಗಳದ್ದು.

ಸುಮಾರು 400 ಜಿಬಿ ಇವೆ. ಅಪ್ಪನ ಫೋನಿನವು, ತಂಗಿಯ ಐಫೋನಿನವು, ಮದುವೆ ಸಿಡಿಗಳಿಂದ ತೆಗೆದವು, ಆಲ್ಬಂನಿಂದ ಸ್ಕ್ಯಾನ್ ಮಾಡಿಸಿದವು. ಫೋಲ್ಡರ್ ಹೆಸರು ಮಾತ್ರ ಕೇಳಬೇಡಿ. ‘ನ್ಯೂ ಫೋಲ್ಡರ್ 2’, ‘ಬ್ಯಾಕಪ್ ಹಳೇದು’, ‘ಬ್ಯಾಕಪ್ ಹಳೇದು ಕೊನೇದು’. ಸ್ಕ್ಯಾನ್ ಆದವೆಲ್ಲ ಸ್ಕ್ಯಾನ್ ಮಾಡಿಸಿದ ದಿನದ ತಾರೀಖಿಗೆ ಹೋಗಿ ಕೂತಿವೆ. ತಂಗಿಯ ತೊಟ್ಟಿಲು ಕಾರ್ಯಕ್ರಮ, ಮೊನ್ನೆಯ ಶೀಗಿ ಹುಣ್ಣಿಮೆ ಚರಗ ಎರಡೂ ಅಕ್ಕಪಕ್ಕ. ನಡುವೆ ವಾಟ್ಸಾಪ್‌ನ ಶುಭೋದಯದ ಗುಲಾಬಿಗಳು.

ಅವ್ವ ‘ತೊಟ್ಟಿಲದ ಫೋಟೋ ಹಾಕು’ ಅಂದರೆ ಅರ್ಧ ತಾಸು ಹುಡುಕಬೇಕು. ಕೂತು ಫೋಲ್ಡರ್ ಸರಿ ಮಾಡಬೇಕಾ? ಅಥವಾ ಇಮ್ಮಿಚ್ ತರಹದ ಫೋಟೋ ಜೋಡಿಸುವ ಸಾಫ್ಟ್‌ವೇರ್ ಹಾಕಿದರೆ ತಾನೇ ಜೋಡಿಸಿಕೊಳ್ಳುತ್ತಾ? ಒಂದೇ ಷರತ್ತು, ಅವ್ವ ರಿಮೋಟ್ ಹಿಡಿದು ತಾನೇ ನೋಡುವಂತಿರಬೇಕು.

ಮಾಳಮಡ್ಡಿ_ಮಂದಿ
ಇಮ್ಮಿಚ್ ಹಾಕಿ. ಮುಗೀತು.

ಪೇಡಾ_ಪ್ರಿಯ
ಮುಗಿಯಲ್ಲ ಸರ್, ಅಲ್ಲಿಂದ ಶುರುವಾಗುತ್ತೆ.

ಯಾವ ಸಾಫ್ಟ್‌ವೇರ್ ಆದರೂ ಎಕ್ಸಿಫ್ ತಾರೀಖನ್ನೇ, ಅಂದರೆ ಫೋಟೋ ಫೈಲಿನೊಳಗೆ ಬರೆದಿರುವ ತಾರೀಖನ್ನೇ ನಂಬುವುದು. ಅದೇ ತಪ್ಪಿದ್ದರೆ ಇಮ್ಮಿಚ್ ನಿಮ್ಮ ತಂಗಿಯ ತೊಟ್ಟಿಲನ್ನು ಇನ್ನೂ ಚೆಂದದ ಪರದೆಯ ಮೇಲೆ ತಪ್ಪು ಜಾಗದಲ್ಲಿ ತೋರಿಸುತ್ತೆ, ಅಷ್ಟೇ.

ಮೊದಲು ಫೋಲ್ಡರ್. ವರ್ಷಕ್ಕೊಂದು, ಅದರೊಳಗೆ ಕಾರ್ಯಕ್ರಮಕ್ಕೊಂದು. ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ಏನು, ಎಲ್ಲಿ. ‘1994-05 ತೊಟ್ಟಿಲು ಗದಗ’. ಹೀಗಿದ್ದರೆ ಹೆಸರಿನ ಪ್ರಕಾರ ಜೋಡಿಸಿದಾಗ ಕಾಲಕ್ರಮ ತಾನೇ ಬರುತ್ತೆ. ತಿಂಗಳು ಗೊತ್ತಿಲ್ವಾ, ‘1994-00’ ಅಂತ ಬರೆಯಿರಿ, ಆ ವರ್ಷದ ತಲೆಗೆ ಹೋಗಿ ಕೂರುತ್ತೆ. ಜೆಲ್ಲಿಫಿನ್‌ನಲ್ಲಿ ಲೈಬ್ರರಿ ಮಾಡುವಾಗ ‘ಹೋಮ್ ವಿಡಿಯೋಸ್ ಆ್ಯಂಡ್ ಫೋಟೋಸ್’ ಅನ್ನುವ ಬಗೆ ಆರಿಸಿ, ನಿಮ್ಮ ಫೋಲ್ಡರ್ ಹೇಗಿವೆಯೋ ಹಾಗೇ ಟಿವಿಯಲ್ಲಿ ಕಾಣುತ್ತವೆ. ಫೋಲ್ಡರ್‌ಗೆ ಮುಖಚಿತ್ರ ನೀವೇ ಆರಿಸಿ ಹಾಕಬಹುದು. ನಿಮ್ಮ ಅವ್ವ ಓದಬೇಕಾಗಿಲ್ಲ, ಚಿತ್ರ ನೋಡಿ ಒತ್ತಿದರೆ ಸಾಕು.

ಸಾಫ್ಟ್‌ವೇರ್ ಬರುತ್ತೆ, ಹೋಗುತ್ತೆ. ಫೋಲ್ಡರ್ ಇರುತ್ತೆ.

ಮಾಳಮಡ್ಡಿ_ಮಂದಿ
400 ಜಿಬಿ ಅಂದರೆ ಎಷ್ಟು ಫೋಟೋ ಅಂತ ಲೆಕ್ಕ ಇದೆಯಾ ನಿಮಗೆ? ಕೂತು ಒಂದೊಂದಾಗಿ ಸರಿಸೋಕೆ ಅವರೇನು ನಿವೃತ್ತರಾ?

ಇಮ್ಮಿಚ್‌ನಲ್ಲಿ ಎಕ್ಸ್‌ಟರ್ನಲ್ ಲೈಬ್ರರಿ ಅಂತ ಇದೆ. ಇರುವ ಫೋಲ್ಡರ್ ಎಲ್ಲಿದೆಯೋ ಅಲ್ಲೇ ಬಿಟ್ಟು ಓದಿಕೊಳ್ಳುತ್ತೆ. ಮುಖ ಗುರುತಿಸುತ್ತೆ, ಜಾಗ ನಕ್ಷೆಯಲ್ಲಿ ತೋರಿಸುತ್ತೆ, ‘ಎತ್ತಿನ ಬಂಡಿ’ ಅನ್ನುವುದನ್ನು ಇಂಗ್ಲಿಷ್‌ನಲ್ಲಿ ಬರೆದು ಹುಡುಕಿದರೆ ತಂದು ಕೊಡುತ್ತೆ. ಫೋನಿನಿಂದ ತಾನೇ ಬ್ಯಾಕಪ್ ಆಗುತ್ತೆ. 2025ರ ಅಕ್ಟೋಬರ್‌ನಲ್ಲಿ 2.0 ಬಂದ ಮೇಲೆ ಸ್ಥಿರ ಆವೃತ್ತಿ ಅಂತಲೇ ಘೋಷಿಸಿದ್ದಾರೆ. ಮೊದಲಿನ ಹಾಗೆ ಪ್ರತಿ ಅಪ್‌ಡೇಟ್‌ಗೂ ದೇವರಿಗೆ ಕಾಯಿ ಒಡೆಯಬೇಕಾಗಿಲ್ಲ.

ಬ್ಯಾಡಗಿ_ಖಾರ
ಹಳೇ ಡೆಸ್ಕ್‌ಟಾಪ್ ಅಂದಿದ್ದಾರೆ. ರ್‍ಯಾಮ್ ಎಷ್ಟಿದೆ ಅಂತ ಯಾರೂ ಕೇಳಲಿಲ್ಲ. 4 ಜಿಬಿ ಇದ್ದರೆ ಮುಖ ಹುಡುಕುವ ಕೆಲಸ ಶುರುವಾದ ಮೇಲೆ ಸಿನಿಮಾನೂ ನಿಂತು ಹೋಗುತ್ತೆ.

ಉಣಕಲ್_ದಂಡೆ
8 ಜಿಬಿ ಇದೆ ಸರ್. ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಬ್ಯಾಡಗಿ_ಖಾರ
ನಡೆಯುತ್ತೆ. ಮೊದಲ ಸಲ ರಾತ್ರಿಯೆಲ್ಲ ಓಡಲು ಬಿಡಿ. ಮನೆಯವರು ಧಾರಾವಾಹಿ ನೋಡುವ ಹೊತ್ತಲ್ಲಿ ಶುರು ಮಾಡಬೇಡಿ.

ಯಾಲಕ್ಕಿ_ಹಾರ
ಹಾವೇರಿಯಿಂದ. ಮುಖ ಗುರುತಿಸುವ ವಿಷಯಕ್ಕೆ ನನ್ನದೊಂದು ಕಥೆ ಕೇಳಿ.

ನಮ್ಮ ಮನೆ ಪಡಸಾಲೆಯ ಗೋಡೆ ಮೇಲೆ ಸಿದ್ಧಾರೂಢರ ದೊಡ್ಡ ಫೋಟೋ ಇದೆ. ಪಡಸಾಲೆಯಲ್ಲಿ ತೆಗೆದ ಎಲ್ಲ ಫೋಟೋಗಳ ಹಿಂದೆಯೂ ಅವರಿದ್ದಾರೆ. ಇಮ್ಮಿಚ್ ಮುಖಗಳನ್ನೆಲ್ಲ ಗುಂಪು ಮಾಡಿ ಮುಗಿಸಿದಾಗ ನಮ್ಮ ಮನೆತನದಲ್ಲಿ ಎಲ್ಲರಿಗಿಂತ ಜಾಸ್ತಿ ಫೋಟೋದಲ್ಲಿ ಇರುವವರು ಸಿದ್ಧಾರೂಢ ಅಜ್ಜಾರು. ಎರಡನೇ ಸ್ಥಾನ ನಮ್ಮ ಅತ್ತೆಯವರದ್ದು. ಅವರಿಗೆ ಬಹಳ ಖುಷಿಯಾಯಿತು.

ಮದುವೆ ಫೋಟೋದಲ್ಲಿ ಇನ್ನೂ ಮಜಾ. ಬಾಸಿಂಗ ಕಟ್ಟಿದರೆ ವರ ಯಾರು ಅಂತಲೇ ಅದಕ್ಕೆ ತಿಳಿಯಲ್ಲ. ನಮ್ಮ ಯಜಮಾನರು ಬಾಸಿಂಗ ಸಹಿತ ಒಬ್ಬರು, ಬಾಸಿಂಗ ರಹಿತ ಒಬ್ಬರು. ಎರಡು ಗುಂಪನ್ನೂ ಸೇರಿಸಿ ಒಂದೇ ಹೆಸರು ಕೊಡಬಹುದು, ಕಷ್ಟವೇನಿಲ್ಲ. ಆದರೆ ಒಂದು ಮಾತು. ಇಮ್ಮಿಚ್‌ನಲ್ಲಿ ಕೊಟ್ಟ ಹೆಸರು ಅದರ ಡೇಟಾಬೇಸ್‌ನಲ್ಲೇ ಉಳಿಯುತ್ತೆ, ಫೋಟೋ ಫೈಲಿನೊಳಗೆ ಹೋಗಲ್ಲ. ನಾನು ಹೆಸರು ಹಚ್ಚುವುದನ್ನು ಕಂಪ್ಯೂಟರಿನಲ್ಲಿ ಫೋಟೋ ಜೋಡಿಸುವ ಸಾಫ್ಟ್‌ವೇರ್ ಆದ ಡಿಜಿಕ್ಯಾಮ್‌ನಲ್ಲಿ ಮಾಡುತ್ತೇನೆ. ಸೆಟ್ಟಿಂಗ್‌ನಲ್ಲಿ ಮೆಟಾಡೇಟಾಗೆ (ಫೈಲಿನೊಳಗಿನ ಮಾಹಿತಿಗೆ) ಬರೆ ಅಂತ ಆನ್ ಮಾಡಿದರೆ ಹೆಸರು ಫೋಟೋ ಜೊತೆಗೇ ಇರುತ್ತೆ. ನಾಳೆ ಬೇರೆ ಸಾಫ್ಟ್‌ವೇರ್ ಹಾಕಿದರೂ ಮತ್ತೆ ಮೊದಲಿಂದ ‘ಇವರು ಯಾರು, ಅವರು ಯಾರು’ ಅನ್ನಬೇಕಾಗಿಲ್ಲ.

ಚಿಗರಿ_ಬಸ್ಸು
‘ಬಾಸಿಂಗ ಸಹಿತ, ಬಾಸಿಂಗ ರಹಿತ’ 😂😂

ಪೇಡಾ_ಪ್ರಿಯ
ಅಕ್ಕಾವರು ಹೇಳಿದ್ದು ಕೇಳಿಸಿಕೊಂಡಿರಾ ಮಾಳಮಡ್ಡಿಯವರೇ? ಡೇಟಾಬೇಸ್‌ನಲ್ಲಿ ಉಳಿಯುತ್ತೆ ಅಂತೆ.

ಮಾಳಮಡ್ಡಿ_ಮಂದಿ
ಡೇಟಾಬೇಸ್‌ನ ಬ್ಯಾಕಪ್ ಕೂಡ ಅದೇ ತೆಗೆಯುತ್ತೆ ಸರ್. ಓದಿ ಮಾತಾಡಿ.

ಗದಗ_ಗಾಳಿ
ಜಗಳ ಬಿಡಿ. ತಾರೀಖು ಸರಿ ಮಾಡೋದು ಹೇಗೆ ಅಂತ ಯಾರೂ ಹೇಳಲಿಲ್ಲ.

ವಾಟ್ಸಾಪ್ ಫೋಟೋ ಕಳಿಸುವಾಗ ಒಳಗಿನ ಎಕ್ಸಿಫ್ ಮಾಹಿತಿ ತೆಗೆದು ಹಾಕುತ್ತೆ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಫೈಲ್ ಹೆಸರಲ್ಲೇ ತಾರೀಖು ಇರುತ್ತೆ, ‘ಐಎಂಜಿ-20190412-ಡಬ್ಲ್ಯೂಎ0007’ ಈ ತರಹ. ಎಕ್ಸಿಫ್‌ಟೂಲ್ ಅಂತ ಉಚಿತ ಸಾಧನ ಇದೆ. ಫೈಲ್ ಹೆಸರಿನಿಂದ ತಾರೀಖು ಎತ್ತಿ ಫೋಟೋ ಒಳಗೆ ಬರೆಯೋದು ಅದರಲ್ಲಿ ಒಂದು ಸಾಲಿನ ಕೆಲಸ, ಇಡೀ ಫೋಲ್ಡರ್‌ಗೆ ಒಮ್ಮೆಲೇ. ನೆನಪಿಡಿ, ಅದು ಪ್ರತಿ ಫೋಟೋದ ಮೂಲ ಪ್ರತಿಯನ್ನು ‘ಒರಿಜಿನಲ್’ ಅಂತ ಬಾಲ ಹಚ್ಚಿ ಪಕ್ಕದಲ್ಲೇ ಇಡುತ್ತೆ. ಎಲ್ಲ ಸರಿ ಇದೆ ಅಂತ ನೋಡಿಕೊಂಡ ಮೇಲೆ ಅವನ್ನು ಅಳಿಸಿ, ಇಲ್ಲದಿದ್ದರೆ 400 ಜಿಬಿ 800 ಆಗುತ್ತೆ.

ಗೂಗಲ್ ಫೋಟೋಸ್‌ನಿಂದ ಟೇಕ್‌ಔಟ್ ಮಾಡಿ (ಎಲ್ಲ ಒಟ್ಟಿಗೆ ಇಳಿಸಿಕೊಂಡು) ತಂದಿದ್ದರೆ ಪಕ್ಕದಲ್ಲಿ ಜೇಸನ್ ಫೈಲುಗಳು ಬಂದಿರುತ್ತವೆ. ಕಸ ಅಂತ ಎಸೆಯಬೇಡಿ. ಅಲ್ಲಿ ನೀವು ತಿದ್ದಿದ ತಾರೀಖು, ಬರೆದ ವಿವರಣೆ ಅವುಗಳಲ್ಲೇ ಇರುತ್ತೆ.

ಬ್ಯಾಡಗಿ_ಖಾರ
ಒಂದು ತಿದ್ದುಪಡಿ. ವಾಟ್ಸಾಪ್ ಹೆಸರಿನಲ್ಲಿರುವುದು ಫೋಟೋ ಬಂದ ತಾರೀಖು, ತೆಗೆದ ತಾರೀಖಲ್ಲ. ನಮ್ಮ ಸೋದರಮಾವ ತಮ್ಮ ಮದುವೆ ಫೋಟೋಗಳನ್ನು 2021ರಲ್ಲಿ ಗ್ರೂಪಿಗೆ ಹಾಕಿದರು. ಹೆಸರು ನಂಬಿದರೆ ಮಾವನ ಮದುವೆ ಲಾಕ್‌ಡೌನ್‌ನಲ್ಲಿ ಆಯಿತು ಅಂತ ಆಗುತ್ತೆ. ಆಗಲೇ ಮೊಮ್ಮಕ್ಕಳಿದ್ದರು.

ಗದಗ_ಗಾಳಿ
ಸರಿಯಾಗಿ ಹೇಳಿದಿರಿ. ಮನೆಯವರು ಅವತ್ತೇ ತೆಗೆದು ಅವತ್ತೇ ಕಳಿಸಿದ ಫೋಟೋಗೆ ಮಾತ್ರ ಅದು ನಡೆಯುತ್ತೆ. ಹಳೇದನ್ನು ಬೇರೆ ಮಾಡಲೇಬೇಕು.

ಉಣಕಲ್_ದಂಡೆ
ಆಲ್ಬಂನಿಂದ ಸ್ಕ್ಯಾನ್ ಮಾಡಿಸಿದವು ದೊಡ್ಡ ಗೋಜಲು ಆಗಿವೆ. ಯಾವ ವರ್ಷ ಅಂತ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಪ್ಪ 92 ಅಂದರೆ ಅವ್ವ 95 ಅಂತಾಳೆ, ಕಾಕಾ ‘ನಾನು ಆ ಫೋಟೋದಾಗ ಇಲ್ಲೇ ಇಲ್ಲ’ ಅಂತ ಸಿಟ್ಟಾಗುತ್ತಾರೆ.

ಡಾರ್ಕ್‌ರೂಮ್_ಕಾಕಾ
ಧಾರವಾಡದಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದವನು ನಾನು. ಈಗ ಮಗ ಬೇರೆ ವ್ಯಾಪಾರ ಮಾಡುತ್ತಾನೆ. ಸರ್ವರ್ ಪರ್ವರ್ ನನಗೆ ತಿಳಿಯಲ್ಲ, ಫೋಟೋ ತಿಳಿಯುತ್ತೆ.

ನೆಗೆಟಿವ್ ಇವೆಯಾ ಮೊದಲು ನೋಡಪ್ಪಾ. ಆಲ್ಬಂನ ಹಿಂದಿನ ಜೇಬಿನಲ್ಲಿ, ಸ್ಟುಡಿಯೋ ಕೊಟ್ಟ ಲಕೋಟೆಯಲ್ಲಿ ಇರುತ್ತವೆ. ನೆಗೆಟಿವ್ ಅಂಚಿನಲ್ಲಿ ಸಣ್ಣದಾಗಿ ನಂಬರ್ ಇರುತ್ತೆ, 11, 11ಎ, 12, 12ಎ ಹೀಗೆ. ಬೆಳಕಿಗೆ ಹಿಡಿದರೆ ಕಾಣುತ್ತೆ. ಒಂದು ರೋಲ್‌ಗೆ 36 ಫೋಟೋ. ಆಗ ಯಾರೂ ಒಂದೇ ದಿನ ರೋಲ್ ಖಾಲಿ ಮಾಡುತ್ತಿರಲಿಲ್ಲ. ದೀಪಾವಳಿಗೆ ಹಾಕಿದ ರೋಲ್ ಯುಗಾದಿಗೆ ತೊಳೆಸಲು ಬರುತ್ತಿತ್ತು. ಅದರಲ್ಲಿ ಒಂದು ಫೋಟೋದ ದಿನ ಖಚಿತ ಆದರೆ ಸಾಕು, ಹಿಂದಿನವು ಅದಕ್ಕಿಂತ ಮೊದಲು, ಮುಂದಿನವು ಆಮೇಲೆ. ಆಲ್ಬಂನಲ್ಲಿ ಹೆಣ್ಣುಮಕ್ಕಳು ಫೋಟೋ ತೆಗೆದು ತೆಗೆದು ಜಾಗ ಬದಲಿಸಿರುತ್ತಾರೆ, ಅದರ ಕ್ರಮ ನಂಬಬೇಡ. ನೆಗೆಟಿವ್ ಕ್ರಮ ನಂಬು.

ಫೋಟೋ ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು ಇದ್ದರೂ ಹುಷಾರು. ಕ್ಯಾಮೆರಾದ ಸೆಲ್ ಬದಲಿಸಿದ ಮೇಲೆ ತಾರೀಖು ಮತ್ತೆ ಹಚ್ಚುವವರು ಕಡಿಮೆ.

ಇನ್ನೊಂದು. ಅಂಗಡಿ ಬೋರ್ಡಿನ ಅಕ್ಷರ ತಿರುಗಾಮುರುಗಾ ಕಂಡರೆ ಸ್ಕ್ಯಾನ್ ಮಾಡಿದವರು ನೆಗೆಟಿವ್ ಮಗುಚಿ ಇಟ್ಟಿದ್ದಾರೆ ಅಂತ ಅರ್ಥ. ಕಂಪ್ಯೂಟರಿನಲ್ಲೇ ತಿರುವಿಬಿಡಿ.

ಯಾಲಕ್ಕಿ_ಹಾರ
ಕಾಕಾರೀ, ಇದು ಚಿನ್ನದಂಥ ಮಾತು. ಅಂಟಿನ ಹಾಳೆಯ ಆಲ್ಬಂನಿಂದ ಫೋಟೋ ಬಿಡಿಸುವುದು ಹೇಗೆ? ಎಳೆದರೆ ಹರಿಯುತ್ತಿವೆ.

ಡಾರ್ಕ್‌ರೂಮ್_ಕಾಕಾ
ಎಳೆಯಲೇಬಾರದಮ್ಮಾ. ಹಲ್ಲಿನ ಸಂದಿಗೆ ಹಾಕುವ ದಾರ ಸಿಗುತ್ತಲ್ಲ ಔಷಧಿ ಅಂಗಡಿಯಲ್ಲಿ, ಅದನ್ನು ಫೋಟೋದ ಕೆಳಗೆ ಹಾಕಿ ಗರಗಸದ ಹಾಗೆ ಮೆಲ್ಲಗೆ ಎಳೆದಾಡು. ಬರಲಿಲ್ಲ ಅಂದರೆ ಬಿಟ್ಟುಬಿಡು, ಹಾಳೆ ಸಮೇತ ಸ್ಕ್ಯಾನ್ ಮಾಡು. ನೀರು ಮುಟ್ಟಿಸಬೇಡ.

ಗದಗ_ಗಾಳಿ
ವರ್ಷ ಹಿಡಿಯಲು ನಮ್ಮ ಮನೆಯಲ್ಲಿ ಮಾಡಿದ ಉಪಾಯ ಹೇಳುತ್ತೇನೆ. ಫೋಟೋ ದೊಡ್ಡದು ಮಾಡಿ ಹಿಂದೆ ಏನಿದೆ ನೋಡಿ, ಮುಖ ಬಿಡಿ.

ಗಾಡಿ ನಂಬರ್ ‘ಕೆಎ’ ಅಂತ ಶುರುವಾದರೆ 1989ಕ್ಕಿಂತ ಹಿಂದಿನದಲ್ಲ. ಗದಗದ ಅಂಗಡಿ ಬೋರ್ಡಿನಲ್ಲಿ ‘ಜಿ. ಧಾರವಾಡ’ ಅಂತಿದ್ದರೆ 1997ರಲ್ಲಿ ಗದಗ ಬೇರೆ ಜಿಲ್ಲೆ ಆಗುವ ಮುಂಚಿನದು. ಹಾವೇರಿಗೂ ಇದೇ ಲೆಕ್ಕ. ಇಂಗ್ಲಿಷ್ ಬೋರ್ಡಿನಲ್ಲಿ ‘ಹುಬ್ಬಳ್ಳಿ’ ಅಂತ ಪೂರ್ತಿ ಇದ್ದು, ‘ಹುಬ್ಳಿ’ ಅಂತ ಇಲ್ಲದಿದ್ದರೆ ಬಹುಮಟ್ಟಿಗೆ 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರು ಬದಲಾದ ಮೇಲಿನದು.

ಜಾತಕ ಅಥವಾ ಲಗ್ನಪತ್ರಿಕೆ ಸಿಕ್ಕರೆ ಸಂವತ್ಸರ ನೋಡಿ. ಪ್ರಭವ 1987ರ ಯುಗಾದಿಗೆ ಶುರು. ಅಲ್ಲಿಂದ ಎಣಿಸಿದರೆ ಆಂಗೀರಸ 1992-93, ಶ್ರೀಮುಖ 1993-94, ಭಾವ 94-95, ಯುವ 95-96. ನಿಮ್ಮ ತಂಗಿಯ ಜಾತಕ ತೆಗೆಸಿ, ನಿಮ್ಮ ಅಪ್ಪ ಅವ್ವರ ಜಗಳ ಐದು ನಿಮಿಷದಲ್ಲಿ ಮುಗಿಯುತ್ತೆ.

ಬ್ಯಾಡಗಿ_ಖಾರ
ಬೋರ್ಡಿನ ಲೆಕ್ಕ ಒಪ್ಪಲ್ಲ. ಜಿಲ್ಲೆ ಬದಲಾದ ದಿನವೇ ಬೋರ್ಡ್ ಬದಲಿಸುವ ಅಂಗಡಿಕಾರ ಯಾರಿದ್ದಾನೆ? ನಮ್ಮ ಊರಲ್ಲಿ ಇವತ್ತಿಗೂ ಒಂದು ಹಿಟ್ಟಿನ ಗಿರಣಿ ಮೇಲೆ ‘ಜಿ. ಧಾರವಾಡ’ ಅಂತಲೇ ಇದೆ.

ಗದಗ_ಗಾಳಿ
ಹೌದು, ಹಳೇ ಬೋರ್ಡ್ ಉಳಿದಿರಬಹುದು. ಆದರೆ ‘ಜಿ. ಗದಗ’ ಅಂತಿದ್ದರೆ 1997ರ ಮುಂಚಿನದಂತೂ ಅಲ್ಲ ಅಲ್ವಾ? ಒಂದು ಕಡೆಯ ಬೇಲಿಯಾದರೂ ಸಿಕ್ಕಿತು.

ಬ್ಯಾಡಗಿ_ಖಾರ
ಅದು ಸರಿ.

ಚಿಗರಿ_ಬಸ್ಸು
ಬ್ಯಾಡಗಿಯವರು ಒಪ್ಪಿಕೊಂಡರು. ಈ ತಾರೀಖನ್ನೂ ಎಕ್ಸಿಫ್‌ಗೆ ಬರೆಯಿರಿ.

ಉಣಕಲ್_ದಂಡೆ
😀 ಸ್ಕ್ಯಾನ್ ಬಗ್ಗೆ ಒಂದು ಪ್ರಶ್ನೆ. ಇನ್ನೂ ಎರಡು ಆಲ್ಬಂ ಉಳಿದಿವೆ. ಅಂಗಡಿಯವರು 300 ಡಿಪಿಐ (ಇಂಚಿಗೆ 300 ಚುಕ್ಕಿ) ಸಾಕು ಅಂತಾರೆ. ಸಾಕಾ?

ಪೇಡಾ_ಪ್ರಿಯ
600 ಮಾಡಿಸಿ. ನಾಲ್ಕು ಇಂಚು ಆರು ಇಂಚಿನ ಫೋಟೋ 600ಕ್ಕೆ ಸ್ಕ್ಯಾನ್ ಆದರೆ 2400 × 3600 ಪಿಕ್ಸೆಲ್ ಬರುತ್ತೆ. ನಿಮ್ಮ 4ಕೆ ಟಿವಿ ಇರುವುದು 3840 × 2160. ಹೆಚ್ಚುಕಡಿಮೆ ಸರಿಹೊಂದುತ್ತೆ. 300 ಅಂದರೆ ಅದರ ಕಾಲುಭಾಗ, ಟಿವಿಯಲ್ಲಿ ಮಂಜು ಮಂಜು. ನೆಗೆಟಿವ್‌ನಿಂದಲೇ ಮಾಡಿಸುವುದಾದರೆ 2400 ಡಿಪಿಐ ಆದರೂ ಬೇಕು, ಯಾಕಂದರೆ ಅದು ಬೆರಳಗಲ ಅಷ್ಟೇ ಇರುತ್ತೆ.

ತಂಗಿಯ ಐಫೋನಿನಲ್ಲಿ ಹೈಕ್ (ಐಫೋನಿನ ಫೋಟೋ ಫಾರ್ಮ್ಯಾಟ್) ಫೈಲುಗಳಿದ್ದರೆ ಟಿವಿಗಳು ಅದನ್ನು ತೆರೆಯಲು ತಕರಾರು ಮಾಡುತ್ತವೆ. ಮೂಲ ಪ್ರತಿ ಹಾಗೇ ಇಟ್ಟು, ಟಿವಿಗೆ ಬೇಕಾದ್ದನ್ನು ಜೆಪೆಗ್ ಮಾಡಿಕೊಳ್ಳಿ. ಇನ್ನು ಮುಂದೆ ತೆಗೆಯುವವಕ್ಕೆ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನ ಫಾರ್ಮ್ಯಾಟ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಹಾಕಿಸಿ.

ಮಾಳಮಡ್ಡಿ_ಮಂದಿ
ಇಮ್ಮಿಚ್ ಹೈಕ್ ಅನ್ನು ಸುಮ್ನೆ ತೋರಿಸುತ್ತೆ. ಹೇಳಿದೆ ಅಷ್ಟೇ.

ಪೇಡಾ_ಪ್ರಿಯ
ಟಿವಿಯಲ್ಲಿ? ರಿಮೋಟ್‌ನಿಂದ? ಇಮ್ಮಿಚ್‌ನವರದ್ದೇ ಟಿವಿ ಆ್ಯಪ್ ಎಲ್ಲಿದೆ ತೋರಿಸಿ. ಬೇರೆಯವರು ಮಾಡಿದ್ದು ಇವೆ, ಗೊತ್ತು. ಆದರೆ ಅವರ ಅವ್ವನಿಗೆ ಜೆಲ್ಲಿಫಿನ್ ಆಗಲೇ ರೂಢಿಯಾಗಿದೆ. ಇನ್ನೊಂದು ಆ್ಯಪ್ ಕಲಿಸಲು ಹೋದರೆ ರಿಮೋಟ್ ನಿಮ್ಮ ಕೈಗೇ ಕೊಟ್ಟು ಅಡುಗೆಮನೆಗೆ ಹೋಗುತ್ತಾರೆ.

ಮಾಳಮಡ್ಡಿ_ಮಂದಿ
ಸರಿ ಮಾರಾಯರೇ, ಎರಡೂ ಇರಲಿ. ಫೋಟೋ ಒಂದೇ ಕಡೆ ಇರಲಿ. ಅದೇ ಫೋಲ್ಡರನ್ನು ಇಮ್ಮಿಚ್ ಎಕ್ಸ್‌ಟರ್ನಲ್ ಲೈಬ್ರರಿಯಾಗಿ ಓದಲಿ, ಜೆಲ್ಲಿಫಿನ್ ಟಿವಿಗೆ ಕೊಡಲಿ. ಹುಡುಕೋದು ಫೋನಿನಲ್ಲಿ ಇಮ್ಮಿಚ್‌ನಿಂದ, ನೋಡೋದು ಟಿವಿಯಲ್ಲಿ ಜೆಲ್ಲಿಫಿನ್‌ನಿಂದ. ನಾನೇ ಮನೆಯಲ್ಲಿ ಹೀಗೆ ಇಟ್ಟಿದ್ದೇನೆ.

ಪೇಡಾ_ಪ್ರಿಯ
ಇದನ್ನು ಮೊದಲೇ ಹೇಳಬಹುದಿತ್ತಲ್ವಾ!

ಯಾಲಕ್ಕಿ_ಹಾರ
ಇಬ್ಬರೂ ಒಂದೇ ಮಾತು ಹೇಳಲು ಇಷ್ಟು ದೂರ ಬರಬೇಕಾಯಿತು.

ಉಣಕಲ್ ಅಣ್ಣಾ, ಜೆಲ್ಲಿಫಿನ್‌ನಲ್ಲಿ ಅವ್ವನಿಗೆ ಬೇರೆ ಯೂಸರ್ ಮಾಡಿ, ಫೋಟೋ ಮತ್ತು ಭಜನೆಯ ಲೈಬ್ರರಿ ಮಾತ್ರ ಕಾಣುವಂತೆ ಬಿಡಿ. ಸಿನಿಮಾ ರಾಶಿಯಲ್ಲಿ ಕಳೆದುಹೋಗಲ್ಲ. ಫೋಲ್ಡರ್ ಹೆಸರು ಕನ್ನಡದಲ್ಲೇ ಇಡಿ. ಇವತ್ತಿನ ಆ್ಯಪ್‌ಗಳಲ್ಲಿ ಚೆನ್ನಾಗಿ ಕಾಣುತ್ತೆ. ನಮ್ಮ ಹಳೇ ಟಿವಿಯಲ್ಲಿ ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕ್‌ನಲ್ಲಿ ಟಿವಿಯೇ ನೇರ ಓದುವ ವಿಧಾನ) ಮೂಲಕ ನೋಡಿದಾಗ ಮಾತ್ರ ಅಕ್ಷರದ ಬದಲು ಡಬ್ಬಿ ಡಬ್ಬಿ ಬರುತ್ತಿತ್ತು. ಒಮ್ಮೆ ಒಂದು ಫೋಲ್ಡರ್ ಮಾಡಿ ನೋಡಿಕೊಂಡು ಮುಂದುವರಿಯಿರಿ.

ಮತ್ತೆ, ಹೆಸರು ಬರೆಯುವ ಕೆಲಸ ಮೊದಲು ಮಾಡಿ, ತಾರೀಖು ಆಮೇಲೆ. ತಾರೀಖಿಗೆ ಬೋರ್ಡು, ಜಾತಕ ಏನಾದರೂ ಸಿಗುತ್ತೆ. ಮೂಲೆಯಲ್ಲಿ ನಿಂತ ಆ ಟೊಪ್ಪಿಗೆಯವರು ಯಾರು ಅನ್ನುವುದು ನಮ್ಮ ಅತ್ತೆಯವರ ಹೊರತು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಟಿವಿಯಲ್ಲಿ ಫೋಟೋ ಹಾಕಿ, ಅವರು ಮಾತಾಡುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಅವರು ಹೇಳುವುದು ಹೆಸರು ಒಂದೇ ಅಲ್ಲ. ‘ಇವರು ನಿನ್ನ ಮಾವನ ದೊಡ್ಡವ್ವನ ಮಗ, ಹೊಲದ ತಂಟೆಗೆ ಮಾತು ಬಿಟ್ಟಿದ್ದರು, ಈ ಮದುವೆಗೆ ಮಾತ್ರ ಬಂದಿದ್ದರು.’ ಅದನ್ನೆಲ್ಲ ಡಿಜಿಕ್ಯಾಮ್‌ನ ವಿವರಣೆಯಲ್ಲಿ ಬರೆಯುತ್ತೇನೆ. ಹೊಲದ ತಂಟೆ ಒಂದು ಬಿಟ್ಟು.

ಬ್ಯಾಡಗಿ_ಖಾರ
ಬ್ಯಾಕಪ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಇಷ್ಟೆಲ್ಲ ಒಂದೇ ಹಳೇ ಡಿಸ್ಕ್ ಮೇಲೆ ಇಟ್ಟರೆ ಅದು ಹೋದ ದಿನ ತೊಟ್ಟಿಲೂ ಇಲ್ಲ, ಮದುವೆಯೂ ಇಲ್ಲ.

ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಮನೆಯ ಹೊರಗೆ. ಇದು ಹಳೇ ಲೆಕ್ಕ. ರೇಡ್ (ಎರಡು ಡಿಸ್ಕ್‌ಗೆ ಒಮ್ಮೆಲೇ ಬರೆಯುವುದು) ಹಾಕಿದ್ದೇನೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ರೇಡ್ ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದರೆ ಎರಡೂ ಕಡೆ ಅಳಿಯುತ್ತೆ. ಕರೆಂಟ್ ಹೋಗಿ ಬರುವ ನಮ್ಮ ಕಡೆ ಸಣ್ಣ ಯುಪಿಎಸ್ ಇಲ್ಲದೆ ಸರ್ವರ್ ಓಡಿಸಲೇಬೇಡಿ.

ಗದಗ_ಗಾಳಿ
ನಮ್ಮದು ಸುಲಭ. ಒಂದು ಡಿಸ್ಕ್ ನಮ್ಮ ಮನೆಯಲ್ಲಿ, ಇನ್ನೊಂದು ಧಾರವಾಡದ ಅಕ್ಕನ ಮನೆಯ ಟ್ರೆಜರಿಯಲ್ಲಿ. ಅವರು ತೋಂಟದಾರ್ಯ ಮಠದ ಜಾತ್ರೆಗೆ ಬಂದಾಗ ಹಳೇದು ತರುತ್ತಾರೆ, ಹೊಸದು ಒಯ್ಯುತ್ತಾರೆ. ಬುತ್ತಿ ಚೀಲದಲ್ಲೇ ಬರುತ್ತೆ. ಡಿಸ್ಕ್‌ಗೆ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ್ದೇನೆ.

ಉಣಕಲ್_ದಂಡೆ
ಬೆಂಗಳೂರಿನಲ್ಲಿರುವ ತಂಗಿಯೂ ನೋಡಬೇಕು ಅಂತಾಳೆ. ರೂಟರ್‌ನಲ್ಲಿ ಪೋರ್ಟ್ ತೆರೆದುಬಿಡಲಾ?

ಮಾಳಮಡ್ಡಿ_ಮಂದಿ
ಬೇಡ! ಮನೆ ಮಕ್ಕಳ ಫೋಟೋ ಇವೆ, ಊರಿಗೆಲ್ಲ ಬಾಗಿಲು ತೆರೆಯಬೇಡಿ. ಟೇಲ್‌ಸ್ಕೇಲ್ ಹಾಕಿ (ನಿಮ್ಮ ಸಾಧನಗಳ ನಡುವೆ ಮಾತ್ರ ಖಾಸಗಿ ದಾರಿ ಮಾಡುತ್ತೆ), ಅವಳ ಫೋನಿನಲ್ಲೂ ಅದನ್ನೇ ಹಾಕಿಸಿ. ನಿಮ್ಮ ಇಂಟರ್ನೆಟ್‌ನವರು ನಿಮಗೇ ಅಂತ ಬೇರೆ ಐಪಿ (ಇಂಟರ್ನೆಟ್ ವಿಳಾಸ) ಕೊಟ್ಟಿರದಿದ್ದರೂ ನಡೆಯುತ್ತೆ.

ಪೇಡಾ_ಪ್ರಿಯ
ಇದಕ್ಕೆ ನನ್ನ ತಕರಾರಿಲ್ಲ.

ಚಿಗರಿ_ಬಸ್ಸು
ಎಲ್ಲರೂ ಫೋಟೋ ಅಂತಿದ್ದೀರಿ. ಮದುವೆ ವಿಡಿಯೋ ಸಿಡಿ ಯಾರೂ ಕೇಳಲಿಲ್ಲ. ನಮ್ಮ ಅಣ್ಣನ ಮದುವೆಯಲ್ಲಿ ಅಣ್ಣ ಅತ್ತಿಗೆ ಇಬ್ಬರೂ ಕಮಲದ ಹೂವಿನಿಂದ ಹೊರಗೆ ಬರುತ್ತಾರೆ, ಹಿಂದೆ ಸ್ವಿಟ್ಜರ್ಲೆಂಡ್. ಅದನ್ನು ಸರ್ವರ್‌ಗೆ ಹಾಕಬೇಕು.

ಡಾರ್ಕ್‌ರೂಮ್_ಕಾಕಾ
ಆ ಕಮಲಕ್ಕೆ ನಾವು ಬೇರೆ ರೊಕ್ಕ ತೆಗೆದುಕೊಳ್ಳುತ್ತಿದ್ದೆವು. ಸ್ವಿಟ್ಜರ್ಲೆಂಡ್ ಪುಕ್ಕಟೆ.

ಗದಗ_ಗಾಳಿ
ವಿಸಿಡಿ ಆದರೆ ಒಳಗೆ ‘ಎಂಪೆಗ್‌ಎವಿ’ ಅಂತ ಫೋಲ್ಡರ್ ಇರುತ್ತೆ, ಅದರಲ್ಲಿ ಡ್ಯಾಟ್ ಫೈಲು. ಒಳಗಿರುವುದು ಎಂಪೆಗ್-1, 352 × 288 ಅಷ್ಟೇ. ಎಫ್‌ಎಫ್‌ಎಂಪೆಗ್‌ನಿಂದ (ವಿಡಿಯೋ ಬದಲಿಸುವ ಸಾಧನ) ಗುಣಮಟ್ಟ ಕಳೆಯದೆ ಬರೀ ಡಬ್ಬಿ, ಅಂದರೆ ಫೈಲಿನ ಬಗೆ ಮಾತ್ರ, ಬದಲಿಸಬಹುದು, ಆಮೇಲೆ ಜೆಲ್ಲಿಫಿನ್‌ಗೆ ಹಾಕಿ. ದೊಡ್ಡ ಟಿವಿಯಲ್ಲಿ ಚುಕ್ಕಿ ಚುಕ್ಕಿ ಕಾಣುತ್ತೆ, ಅದಕ್ಕೆ ಮದ್ದಿಲ್ಲ. ಬೇಗ ಮಾಡಿ, ಆ ಕಾಲದ ಸಿಡಿಗಳು ಒಂದೊಂದಾಗಿ ಓದುವುದನ್ನು ನಿಲ್ಲಿಸುತ್ತಿವೆ.

ಚಿಗರಿ_ಬಸ್ಸು
ಸಿಡಿ ಹಾಕಲು ಡ್ರೈವ್ ಎಲ್ಲಿದೆ ಸರ್? ಈಗಿನ ಲ್ಯಾಪ್‌ಟಾಪ್‌ನಲ್ಲಿ ಇಲ್ಲವಲ್ಲ.

ಉಣಕಲ್_ದಂಡೆ
ನನ್ನ ಹಳೇ ಡೆಸ್ಕ್‌ಟಾಪ್‌ನಲ್ಲಿ ಇದೆ. ಭಾನುವಾರ ಸಿಡಿ ತೆಗೆದುಕೊಂಡು ಬನ್ನಿ, ಉಣಕಲ್ ಕ್ರಾಸ್‌ನಲ್ಲಿ ಇಳಿದು ಇಲ್ಲಿ ಮೆಸೇಜ್ ಹಾಕಿ. ನನ್ನ ಎರಡು ಆಲ್ಬಂ ಬಿಡಿಸಲು ಒಂದು ಕೈ ಬೇಕು, ದಾರ ತಂದಿಟ್ಟಿದ್ದೇನೆ.

ಚಿಗರಿ_ಬಸ್ಸು
ಬರುತ್ತೇನೆ. ಗಿರಮಿಟ್ ಇದ್ದರೆ.